ಕಣದಲ್ಲಿ ಕಾಣೆಯಾದ ಒಂದು

ರಾಶಿ ಅಳೆಯುವಾಗ ಮೊದಲ ಕೊಳಗಕ್ಕೆ ನಮ್ಮೂರ ಕಡೆ "ಒಂದು" ಅನ್ನುತ್ತಿರಲಿಲ್ಲ. ಬೇರೆ ಏನೋ ಅನ್ನುತ್ತಿದ್ದರು. ಸಿರಿ ಅಂತಲೋ... ಹೆಚ್ಚು ಅಂತಲೋ... ಥೂ, ನಾಲಿಗೆ ತುದಿಯಲ್ಲೇ ಇದೆ. ಈ ಊರಲ್ಲಿ ರಾಗಿ ಪ್ಯಾಕೆಟ್ಟಿನಲ್ಲಿ ಬರುತ್ತದೆ. ಅಳೆಯುವವರ ದನಿ ಕೇಳಿ ನಲವತ್ತು ವರ್ಷವಾಯಿತು. ಇರಲಿ, ಕಥೆ ನಡೆಯಲಿ, ಮಾತು ತಾನಾಗಿ ಬರುತ್ತದೆ.

ಏಳು ಕೆರೆ ದಾಟಿದರೆ ಒಂದು ರಾಜ್ಯವಿತ್ತು. ಅಲ್ಲಿನ ರಾಜ ಡಂಗುರ ಹೊಡೆಸಿದ: "ಯಾರ ಕಣದಲ್ಲೇ ರಾಶಿ ಅಳೆಯಲಿ, ಒಂದು ಎಂದು ಎಣಿಸಿದ ಕೊಳಗ ಊರ ಶಾಲೆಗೆ. ಅದರಲ್ಲಿ ಮೇಷ್ಟ್ರು ಉಣ್ಣಲಿ, ಮಕ್ಕಳಿಗೆ ಅಂಬಲಿ ಆಗಲಿ. ಬಡವರ ಮಕ್ಕಳು ಬರಿಗೈಲಿ ಬಂದು ಕಲಿಯಲಿ."

ಕೂಲಿಯವರ ಮಗಳು ಸಾಕಿ ಹಾಗೆಯೇ ಬರಿಗೈಲಿ ಬಂದಳು. ಮರಳ ಮೇಲೆ ಬೆರಳಿಟ್ಟು ಅರ್ಧ ಕಾಗುಣಿತ ಕಲಿತಳು.

ಆ ಊರಿನ ಧಣಿ ಭರಮಣ್ಣ. ಅವನ ರಾಶಿ ಎಲ್ಲರಿಗಿಂತ ದೊಡ್ಡದು, ಕೈ ಎಲ್ಲರಿಗಿಂತ ಬಿಗಿ. ಸುಗ್ಗಿ ಬಂತು. ಮೇಷ್ಟ್ರು ಚೀಲ ಹಿಡಿದು ಹೋದರು.

"ಧಣಿ, ಶಾಲೆಯ ಒಂದನ್ನು ಕೊಡಿ."

"ನನ್ನ ಕಣದಲ್ಲಿ ಒಂದು ಎಲ್ಲಿದೆ ಮೇಷ್ಟ್ರೇ? ನಾವು ಎಣಿಸೋದು ಲಾಭ, ಎರಡು, ಮೂರು..."

ಹಾಂ, ಲಾಭ! ಅದೇ ಆ ಮಾತು. ಒಳ್ಳೆಯದಾಗಲಿ ಅಂತ ಹಿರಿಯರು ಇಟ್ಟ ಮಾತು. ಧಣಿ ಅದರ ಹಿಂದೆ ಅಡಗಿ ಕೂತ.

ಆಮೇಲೆ ರಾಜನ ಓಲೆಕಾರ ಹೋದ. "ನನ್ನ ಕಣದಲ್ಲಿ ಒಂದು ಇಲ್ಲವೇ ಇಲ್ಲ. ಇದ್ದರೆ ತೋರಿಸು, ಕೊಡ್ತೀನಿ" ಎಂದ ಧಣಿ. ಓಲೆಕಾರನೂ ಬರಿಗೈಲಿ ಬಂದ. ಧಣಿಯೇ ಕೊಡದಿದ್ದರೆ ನಮಗೇನು ಎಂದು ಉಳಿದ ರೈತರೂ ಚೀಲದ ಬಾಯಿ ಕಟ್ಟಿದರು.

"ಅಮಾವಾಸ್ಯೆಗೆ ಶಾಲೆ ಮುಚ್ಚುತ್ತೇನಮ್ಮ" ಎಂದರು ಮೇಷ್ಟ್ರು. "ಹಸಿದು ಪಾಠ ಹೇಳಲಾರೆ."

"ನನ್ನ ಇನ್ನರ್ಧ ಕಾಗುಣಿತ?" ಎಂದಳು ಸಾಕಿ.

ಮೇಷ್ಟ್ರು ಖಾಲಿ ಚೀಲ ಮಡಚಿಟ್ಟರು.

ಮೂರನೆಯ ಸಲ ಸಾಕಿಯೇ ಹೋದಳು, ಓಲೆಕಾರನನ್ನೂ ಕರೆದುಕೊಂಡು. ಅಂದು ಪೇಟೆಯ ವ್ಯಾಪಾರಿ ರಾಗಿ ಕೊಳ್ಳಲು ಗಾಡಿ ತಂದಿದ್ದ. ಅಳೆಯುವವನು ಸಾಕಿಯ ತಾತ.

"ತಾತ, ಕೊಳಗ ಇಲ್ಲಿ ಕೊಡು."

ಧಣಿ ನಕ್ಕ. "ಕೊಡೋ ಮುದುಕ! ನಾಲ್ಕಕ್ಷರ ಕಲಿತವಳು, ಎಣಿಸೋಕೆ ಬರುತ್ತೋ ನೋಡೋಣ."

ಸಾಕಿ ಅಳೆದಳು. "ಲಾಭ." ವ್ಯಾಪಾರಿಯ ಚೀಲಕ್ಕೆ ಸುರಿದಳು. "ಲಾಭ." ಸುರಿದಳು. "ಲಾಭ." ಒಂದು ಚೀಲ ತುಂಬಿತು, ಇನ್ನೊಂದು ತುಂಬಿತು. ಇನ್ನೂ ಲಾಭವೇ.

"ಎರಡು ಅನ್ನೇ, ಹುಡುಗಿ!"

"ಒಂದೇ ಆಗಿಲ್ಲ, ಎರಡು ಹೇಗಾಗುತ್ತೆ ಧಣಿ? ಈ ಕಣದಲ್ಲಿ ಒಂದು ಇಲ್ಲ ಅಂತ ನೀವೇ ಅಂದಿದ್ದೀರಿ."

ವ್ಯಾಪಾರಿ ಚೀಲವನ್ನು ಗಾಡಿಗೆ ಏರಿಸಿದ. "ಅಳೆ ತಾಯಿ, ಅಳೆ. ಎಣಿಸಿದ್ದಕ್ಕೆ ತಾನೇ ನಾನು ದುಡ್ಡು ಕೊಡೋದು? ಇದೆಲ್ಲ ನನಗೆ ಲಾಭವೇ!"

ಧಣಿ ಎದೆ ಬಡಿದುಕೊಂಡ. "ಅಯ್ಯೋ, ನಿಲ್ಲಿಸೇ! ಮೊದಲನೇದು ಒಂದು ಕಣೇ! ಒಂದು! ಒಂದು!"

ಸಾಕಿ ಕೊಳಗ ಕೆಳಗಿಟ್ಟಳು. "ಓಲೆಕಾರಣ್ಣ, ಕೇಳಿಸಿತಾ? ಧಣಿಯವರು ಮೂರು ಸಲ ಒಂದು ಅಂದರು."

ಆ ಸುಗ್ಗಿಯಲ್ಲಿ ಧಣಿಯ ಕಣದಿಂದ ಶಾಲೆಗೆ ಮೂರು ಕೊಳಗ ಹೋಯಿತು. ಉಳಿದ ರೈತರೂ ಚೀಲ ಬಿಚ್ಚಿದರು. ಸಾಕಿ ಇನ್ನರ್ಧ ಕಾಗುಣಿತ ಕಲಿತಳು.

ನೀತಿ ಇಷ್ಟೇ ಮಕ್ಕಳೇ. ಬಡವರ ಮಕ್ಕಳ ಓದಿನ ಪಾಲನ್ನು ಮೊದಲೇ ತೆಗೆದಿಡಬೇಕು. ಉಳಿದರೆ ಕೊಡುತ್ತೇನೆ ಅಂದವನಿಗೆ ಎಂದೂ ಉಳಿಯುವುದಿಲ್ಲ.

ಇಂಚರ, ನಿನ್ನ ಪುಸ್ತಕ ತಾ ಮಗ. ನಾನು ಮತ್ತೆ ಮರೆಯುವ ಮುಂಚೆ ಆ ಮಾತು ಬರೆದಿಡು. ಲಾಭ. ಭ ಅಕ್ಷರದ ಹೊಟ್ಟೆ ಸೀಳೋದು ಮರೀಬೇಡ.