ಜವರನ ನೀಲಿ ನೀರಿನ ಉಪಚಾರ

ಕೇಳೋರೆಲ್ಲ ಹತ್ತಿರ ಬನ್ನಿ. ನಗೋರು ಸ್ವಲ್ಪ ದೂರ ಕೂತ್ಕೊಳ್ಳಿ, ನೀವು ನಕ್ಕರೆ ನನಗೂ ನಗು ಬರುತ್ತೆ, ನಾನು ನಕ್ಕರೆ ಕತೆ ಅಲ್ಲೇ ನಿಂತುಬಿಡುತ್ತೆ.

ನೆಲ್ಲಿಕೊಪ್ಪಲು ಅಂತ ಒಂದೂರು. ಆ ಊರಲ್ಲಿ ನಿಂಗಾಜಮ್ಮ ಅಂತ ಒಬ್ಬ ತಾಯಿ. ಆ ತಾಯಿಗೆ ಜವರ ಅಂತ ಒಬ್ಬನೇ ಮಗ. ಇಪ್ಪತ್ತೈದು ತುಂಬಿದ ಗಂಡಸು, ಎತ್ತಿನಂಥ ಮೈ, ಎರಡು ಮೂಟೆ ರಾಗಿಯನ್ನು ಒಟ್ಟಿಗೆ ಎತ್ತುತ್ತಿದ್ದ. ಬುದ್ಧಿ ಒಂದೇ ಒಂಚೂರು ಹಿಂದೆ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ನೆಂಟರು ಬಂದರೆ ನಗ್ತಾ ಮಾತಾಡ್ಸಪ್ಪಾ ಅಂದಿದ್ದಕ್ಕೆ, ಸಾವಿನ ಸುದ್ದಿ ತಂದವನನ್ನೂ ಹಲ್ಲು ಕಿರಿದು ಮಾತಾಡಿಸಿದ್ದ. ನಿಂಗಾಜಮ್ಮ ಬೈದಳು, ಬುದ್ಧಿ ಹೇಳಿದಳು, ಹಣೆ ಚಚ್ಚಿಕೊಂಡಳು. ಹೊಸ ಬುದ್ಧಿ ಹೇಳಿದಷ್ಟೂ ಹೊಸ ಎಡವಟ್ಟು.

ಅವಳಿಗೆ ಮಗನನ್ನು ಬಿಟ್ಟರೆ ಇದ್ದದ್ದು ಮುದ್ದಿ. ಮುದ್ದಿ ಅಂದ್ರೆ ಎಮ್ಮೆ. ಮುದ್ದಿ ಕೊಟ್ಟ ಹಾಲಿಗೆ ಹೆಪ್ಪು ಹಾಕಿ, ಕಡೆದು, ಮಜ್ಜಿಗೆ ಗಡಿಗೆ ಹೊತ್ತು ಬೀದಿ ಬೀದಿ ಸುತ್ತಿ ಇಬ್ಬರ ಹೊಟ್ಟೆ ತುಂಬಿಸುತ್ತಿದ್ದಳು. ಸುತ್ತಿ ಸುತ್ತಿ ಮಂಡಿ ಸವೆದಿತ್ತು. ಕೂತರೆ ಏಳೋಕಾಗದು, ಎದ್ದರೆ ಕೂರೋಕಾಗದು.

ಹೀಗಿರುವಾಗ ಊರಿಗೆ ಒಬ್ಬ ಬಂದ. ನಾಗಭೂಷಣ ಅಂತ ಹೆಸರು. ಸುಡು ಬಿಸಿಲಲ್ಲೂ ಕುತ್ತಿಗೆಗೆ ಟೈ ಕಟ್ಟುತ್ತಿದ್ದ, ಅದಕ್ಕೇ ಊರವರೆಲ್ಲ ಟೈ ಸಾಹೇಬ್ರು ಅಂದರು. ಸಮುದಾಯ ಭವನದಲ್ಲಿ ಒಂದು ಮಿರಮಿರ ಮಿಂಚುವ ಪೆಟ್ಟಿಗೆ ಇಟ್ಟ. ಒಂದು ಕಡೆ ನಲ್ಲಿ ನೀರು ಒಳಗೆ, ಇನ್ನೊಂದು ಕಡೆ ಆಲ್ಕಲೈನ್ ನೀರು, ಅಂದ್ರೆ ಕ್ಷಾರದ ನೀರು, ಹೊರಗೆ. ಹತ್ತು ದಿನ ಪುಕ್ಕಟೆ!

"ಇದು ಅಯಾನು ನೀರು! ಮಂಡಿ ನೋವು ಮಾಯ! ಸಕ್ಕರೆ ಕಾಯಿಲೆ ಮಾಯ! ಗ್ಯಾಸು, ಬೀಪಿ, ಬಕ್ಕತಲೆ ಎಲ್ಲಾ ಮಾಯ!" ಅಂದ.

ಮಂಡಿ ನೋವು ಮಾಯ ಅನ್ನೋದು ನಿಂಗಾಜಮ್ಮನ ಕಿವಿಗೆ ಬಿತ್ತು. ಎದ್ದಳು, ಅಮ್ಮಾ ಅಂದಳು, ಮತ್ತೆ ಕೂತಳು.

"ಲೇ ಜವರ! ಊರೇ ಸಾಲು ನಿಂತದೆ, ನೀರು ಮುಗಿದೋಯ್ತದೆ! ಕೈಗೆ ಸಿಕ್ಕಿದ್ದು ತಗಂಡು ಓಡ್ಲಾ, ತುಂಬಿಸ್ಕಂಡು ಬಾ!"

ಜವರ ಎದ್ದ. ಕೈಗೆ ಸಿಕ್ಕಿದ್ದು ಏನು? ಸಗಣಿ ಹೊರುವ ಬಿದಿರಿನ ಮಂಕರಿ. ತಗಂಡ, ಓಡಿದ, ಸಾಲಲ್ಲಿ ನಿಂತ, ತುಂಬಿಸಿದ. ತುಂಬಿಸಿದಷ್ಟೂ ಸೋರಿತು, ಸೋರಿದಷ್ಟೂ ತುಂಬಿಸಿದ. ಹಿಂದೆ ನಿಂತವರೆಲ್ಲ ಬಾಯಿಗೆ ಬಂದಂತೆ ಬೈದರು. ಮನೆಗೆ ಬಂದಾಗ ಮಂಕರಿ ಮಾತ್ರ ಚೆನ್ನಾಗಿ ತೊಳೆದು ಹೋಗಿತ್ತು.

"ಅಯ್ಯೋ ಪೆದ್ದ ಮುಂಡೇದೇ! ಮಂಕರೀಲಿ ನೀರು ತರ್ತರಾ?"

"ಕೈಗೆ ಸಿಕ್ಕಿದ್ದು ತಗಂಡು ಓಡು ಅಂದ್ಯಲ್ಲವ್ವ!"

"ಇನ್ಮೇಲೆ ಭವನದಿಂದ ಏನೇ ತಂದ್ರೂ ಬಾಯಿಗೆ ಬಿಗಿಯಾಗಿ ಬಟ್ಟೆ ಕಟ್ಟಿ, ತಲೆ ಮೇಲೆ ಹೊತ್ಕಂಡು ಬರ್ಬೇಕು! ಗೊತ್ತಾಯ್ತಾ?"

"ಗೊತ್ತಾಯ್ತವ್ವ!"

ಮಾರನೇ ದಿನ ನಿಂಗಾಜಮ್ಮ ಯೋಚನೆ ಮಾಡಿದಳು. ದಿನಾ ಇವನನ್ನು ಕಳಿಸಿ ಆದೀತೇ? ಪೆಟ್ಟಿಗೆಯ ವಿಚಾರ ಕೇಳೋಣ ಅಂತ, "ಜವರಾ, ಭವನದಿಂದ ಟೈ ಸಾಹೇಬ್ರನ್ನ ಒಂದ್ಗಳಿಗೆ ಮನೆಗೆ ಕರ್ಕಂಡು ಬಾರಪ್ಪ" ಅಂದಳು.

ಹೋದ ಜವರ. ನಾಗಭೂಷಣ ಭಾಷಣ ಮಾಡುತ್ತಿದ್ದ. ಜವರ ಹೆಗಲ ಮೇಲಿನ ಟವೆಲ್ ತೆಗೆದ. ಸಾಹೇಬರ ಬಾಯಿಗೆ ಬಿಗಿಯಾಗಿ ಕಟ್ಟಿದ. ಎತ್ತಿದ. ತಲೆ ಮೇಲೆ ಇಟ್ಟುಕೊಂಡ. ನಡೆದ! ಟೈ ಜವರನ ಮೂಗಿನ ಮುಂದೆ ತೂಗಾಡುತ್ತಿತ್ತು. ಮೇಲಿನಿಂದ "ಮ್‍ಮ್‍ಮ್! ಮ್‍ಮ್‍ಮ್!" ಅಂತ ಸದ್ದು. ಊರಿಗೆ ಊರೇ ಹಿಂದೆ ಬಂತು.

ನಿಂಗಾಜಮ್ಮನ ಜೀವವೇ ಹಾರಿಹೋಯಿತು. "ಇಳ್ಸೋ! ಇಳ್ಸೋ! ಅಯ್ಯೋ ಸಾಮಿ, ತಪ್ಪಾಯ್ತು, ನನ್ ಮಗ ಪೆದ್ದ!"

"ಭವನದಿಂದ ಏನೇ ತಂದ್ರೂ..." ಅಂದ ಜವರ.

"ಬಾಯ್ಮುಚ್ಲಾ! ದೊಡ್ಡೋರು ಕಂಡ್ರೆ ಹಿಂಗಾ ಮಾಡೋದು? ಕಾಲಿಗೆ ನೀರು ಕೊಟ್ಟು, ಚಾಪೆ ಮೇಲೆ ಕೂರ್ಸಿ, ಕುಡಿಯಕ್ಕೆ ಕೊಡ್ಬೇಕು. ಬ್ಯಾಡ ಬ್ಯಾಡ ಅಂತರೆ, ಅದು ಸಂಕೋಚ ಕಣ್ಲಾ! ಎಷ್ಟು ಬ್ಯಾಡ ಅಂದ್ರೂ ಬಿಡಬಾರ್ದು, ಕುಡ್ಸೇ ಕಳಿಸ್ಬೇಕು! ಗೊತ್ತಾಯ್ತಾ?"

"ಗೊತ್ತಾಯ್ತವ್ವ!"

ಅವಳೇ ನೀರು ಕೊಟ್ಟಳು, ಚಾಪೆ ಹಾಕಿದಳು, ಲೋಟದ ತುಂಬ ಮಜ್ಜಿಗೆ ತಂದಳು. ನಾಗಭೂಷಣ ಟೈ ನೇರ ಮಾಡಿಕೊಂಡು, ಜೇಬಿನಿಂದ ಒಂದು ಪುಟ್ಟ ಬಾಟಲಿ ತೆಗೆದ. ಮಜ್ಜಿಗೆಗೆ ನಾಲ್ಕು ಹನಿ ಬಿಟ್ಟ. ಬೆಳ್ಳಗಿದ್ದ ಮಜ್ಜಿಗೆ ಕೆಂಪಗಾಯಿತು!

"ನೋಡಿ ಅಮ್ಮಾ! ಆಮ್ಲ! ಕೆಂಪಾದರೆ ವಿಷ ಅಂತ ಅರ್ಥ!" ಅಂದ. ಹಿಂದೆ ಬಂದವರ ಬಿಂದಿಗೆಯಲ್ಲಿದ್ದ ಪೆಟ್ಟಿಗೆ ನೀರಿಗೆ ನಾಲ್ಕು ಹನಿ ಬಿಟ್ಟ. ಅದು ನೀಲಿಯಾಯಿತು. "ನೀಲಿಯಾದರೆ ಅಮೃತ! ಎಷ್ಟು ನೀಲಿಯೋ ಅಷ್ಟು ಒಳ್ಳೆಯದು. ನಿಮ್ಮ ಮಂಡಿಗೆ ಈ ಗತಿ ಬಂದಿರೋದೇ ಈ ಮಜ್ಜಿಗೆಯಿಂದ."

ಬಾಗಿಲಲ್ಲಿ ನಿಂತ ಊರವರೆಲ್ಲ ನೋಡಿದರು. ನಿಂಗಾಜಮ್ಮ ಕೆಂಪಾದ ಲೋಟವನ್ನು ದೂರ ತಳ್ಳಿದಳು. ಇಷ್ಟು ವರ್ಷ ಊರಿಗೆಲ್ಲ ವಿಷ ಕುಡಿಸಿದೆನಾ ನಾನು?

"ಆ ಪೆಟ್ಟಿಗೆ ನಮಗೆ ದಕ್ಕೋದುಂಟಾ ಸಾಮಿ?"

ನಾಗಭೂಷಣ ಹಿತ್ತಲ ಕಡೆ ನೋಡಿದ. ಮುದ್ದಿ ಮೆಲುಕು ಹಾಕುತ್ತಿತ್ತು. "ವಿಷ ಕೊಡೋ ಎಮ್ಮೆ ನಿಮಗ್ಯಾಕೆ? ಅದನ್ನ ನನಗೆ ಕೊಡಿ, ಪೆಟ್ಟಿಗೆ ನೀವಿಟ್ಕೊಳ್ಳಿ. ಹತ್ತನೇ ದಿನ ಎಲ್ಲರೆದುರಿಗೆ ಬದಲು ಮಾಡಿಕೊಳ್ಳೋಣ." ನಿಂಗಾಜಮ್ಮ ಮಂಡಿ ನೀವಿಕೊಳ್ಳುತ್ತಾ ಹೂಂ ಅಂದಳು. ಹೋಗುವಾಗ ಆ ಹನಿ ಬಾಟಲಿಯನ್ನೂ ಅಲ್ಲೇ ಬಿಟ್ಟ. "ಇಟ್ಕೊಳ್ಳಿ, ನೀವೇ ಪರೀಕ್ಷೆ ಮಾಡಿ ನೋಡಿ!"

ಅವತ್ತಿನಿಂದ ಊರಲ್ಲಿ ಒಬ್ಬರೂ ಮಜ್ಜಿಗೆ ಹಾಕಿಸಿಕೊಳ್ಳಲಿಲ್ಲ. ಹೊತ್ತ ಗಡಿಗೆ ಹೊತ್ತ ಹಾಗೇ ವಾಪಸ್ಸು. ನಿಂಗಾಜಮ್ಮ ಮುದ್ದಿಯ ಕೊರಳು ತಬ್ಬಿ ಅತ್ತಳು. ಹೊಟ್ಟೆಗೆ ಹಾಕಿದವಳನ್ನೇ ಕೊಟ್ಟುಬಿಡ್ತಾ ಇದ್ದೀನಲ್ಲಾ ಅಂತ ಅತ್ತಳು. ಆದರೂ ಕೊಟ್ಟ ಮಾತು.

ಒಂದು ದಿನ ಅವಳು ಹುಲ್ಲು ತರಲು ಹೋಗಿದ್ದಳು. ಮನೆಗೊಂದು ಬೀದಿ ನಾಯಿ ಬಂತು. ದೊಡ್ಡ ನಾಯಿ! ಜವರ ಎದ್ದು ನಿಂತ. ನಾಲ್ಕೂ ಕಾಲಿಗೆ ನೀರು ಹಾಕಿದ. ಚಾಪೆ ಹಾಸಿ ಕೂರಿಸಿದ. ಮಜ್ಜಿಗೆ ಗಡಿಗೆ ಮುಂದಿಟ್ಟ. ನಾಯಿ ಬ್ಯಾಡ ಅನ್ನಲೇ ಇಲ್ಲ. ಗಡಿಗೆ ಖಾಲಿ ಮಾಡಿ ಚಾಪೆ ಮೇಲೇ ಮಲಗಿತು.

"ಅಯ್ಯೋ! ಇದ್ಯಾವ ನೆಂಟನ್ಲಾ?" ನಿಂಗಾಜಮ್ಮ ಹುಲ್ಲಿನ ಹೊರೆ ಬಿಸಾಕಿದಳು. "ವಿಷ ಅಂದವ್ರೆ, ನಾಯಿ ಸತ್ತೋಯ್ತದೆ!"

ಕಾದು ನೋಡಿದಳು. ನಾಯಿ ಎದ್ದಿತು, ಮೈ ಮುರಿಯಿತು, ಬಾಲ ಆಡಿಸಿಕೊಂಡು ಹೋಯಿತು. ಅವಳಿಗೇನೋ ಅನ್ನಿಸಿತು, ಆದರೆ ಟೈ ಕಟ್ಟಿದವರು ಸುಳ್ಳು ಹೇಳ್ತಾರಾ?

"ಇನ್ಮೇಲೆ ಯಾರಿಗೇ ಕೊಡ್ಬೇಕಾದ್ರೂ ಮೊದ್ಲು ಆ ಬಾಟ್ಲಿ ಹನಿ ಬಿಟ್ಟು ನೋಡು! ಕೆಂಪಾದ್ರೆ ಚೆಲ್ಲು, ನೀಲಿ ಆದ್ರೆ ಕೊಡು! ಗೊತ್ತಾಯ್ತಾ?"

"ಗೊತ್ತಾಯ್ತವ್ವ!"

ಒಂಬತ್ತನೇ ದಿನ ಅವಳು ಹೊಲದಿಂದ ಹಸಿದು ಬಂದಳು. "ಜವರಾ, ಬೆಳಿಗ್ಗೆ ಮಾಡಿಟ್ಟಿದ್ದು ಬಡಿಸಪ್ಪ."

ಜವರ ಬಾಟಲಿ ತೆಗೆದ. ಹುಣಸೆ ಸಾರಿಗೆ ಹನಿ ಬಿಟ್ಟ, ಕೆಂಪು! ಚೆಲ್ಲಿದ. ಟೊಮೆಟೊ ಗೊಜ್ಜಿಗೆ ಬಿಟ್ಟ, ಕೆಂಪು! ಚೆಲ್ಲಿದ. ನಿಂಬೆಕಾಯಿ ಉಪ್ಪಿನಕಾಯಿ ಜಾಡಿಗೆ ಬಿಟ್ಟ, ಕಡುಗೆಂಪು! ಜಾಡಿಗೆ ಜಾಡಿಯೇ ಚೆಲ್ಲಿದ. ನಿಂಗಾಜಮ್ಮ ತಟ್ಟೆ ಮುಂದೆ ಕೂತೇ ಇದ್ದಳು. ಜವರ ಅಡುಗೆಮನೆ ಮುಗಿಸಿ ಹಿತ್ತಲಿಗೆ ಹೋದ. ಅಲ್ಲಿ, ಹಬ್ಬಕ್ಕೆ ಗೋಡೆಗೆ ಬಳಿಯಲು ಹರವಿಯಲ್ಲಿ ಸುಣ್ಣ ನೆನೆಹಾಕಿದ್ದರು. ಸುಣ್ಣ ತಳ ಸೇರಿ ಮೇಲೆ ಕನ್ನಡಿಯಂಥ ತಿಳಿನೀರು. ಹನಿ ಬಿಟ್ಟ.

"ಅವ್ವೋ! ಅವ್ವೋ! ನೀಲಿ! ಸಾಹೇಬ್ರ ನೀರಿಗಿಂತ ನೀಲಿ! ಬಡಿಸ್ಲಾ?"

ನಿಂಗಾಜಮ್ಮನಿಗೆ ಹಸಿವು, ಸಿಟ್ಟು ಎರಡೂ ನೆತ್ತಿಗೇರಿತ್ತು. ಯಾವ ನೀರು, ಎಲ್ಲಿಯ ನೀರು ಅಂತ ಕೇಳಲೂ ಇಲ್ಲ.

"ನನ್ ಹೊಟ್ಟೆ ಉರಿಸ್ಬ್ಯಾಡ! ಅಷ್ಟು ನೀಲಿ ಆಗಿದ್ರೆ ಆ ಸಾಹೇಬ್ರಿಗೇ ತಗಂಡೋಗಿ ಕುಡ್ಸು!"

"ಗೊತ್ತಾಯ್ತವ್ವ!"

ಹತ್ತನೇ ದಿನ ಬಂತು. ಭವನದ ಮುಂದೆ ಊರಿಗೂರೇ ಸೇರಿತ್ತು. ನಿಂಗಾಜಮ್ಮ ಮುದ್ದಿಯ ಮೈ ತೊಳೆದು, ಹಣೆಗೆ ಅರಿಶಿನ ಕುಂಕುಮ ಇಟ್ಟು ಕಂಬಕ್ಕೆ ಕಟ್ಟಿದ್ದಳು. ಕೊನೇ ಸಲ ಕಡೆದ ಮಜ್ಜಿಗೆ ಗಡಿಗೆಯೂ ಪಕ್ಕದಲ್ಲಿತ್ತು. ಸೆರಗಲ್ಲಿ ಕಣ್ಣೊರೆಸಿದಷ್ಟೂ ನೀರು ಬರುತ್ತಿತ್ತು. ನಾಗಭೂಷಣ ಹಗ್ಗಕ್ಕೆ ಕೈ ಹಾಕಿದ.

"ಸಾಹೇಬ್ರೇ! ತಡೀರಿ!"

ಯಾರು? ಜವರ! ತಲೆ ಮೇಲೆ ಬಿಂದಿಗೆ, ಬಿಂದಿಗೆ ಬಾಯಿಗೆ ಬಿಗಿಯಾಗಿ ಬಟ್ಟೆ, ಕಂಕುಳಲ್ಲಿ ಚಾಪೆ, ಕೈಯಲ್ಲಿ ಚೆಂಬು, ಲೋಟ. ಬಂದ. ಸಾಹೇಬರ ಬೂಟಿನ ಮೇಲೇ ಒಂದು ಚೆಂಬು ನೀರು ಸುರಿದ. ಚಾಪೆ ಹಾಸಿ, ಭುಜ ಒತ್ತಿ ಕೂರಿಸಿದ. ಲೋಟಕ್ಕೆ ನೀರು ಬಗ್ಗಿಸಿ ಹನಿ ಬಿಟ್ಟ.

ಏನು ನೀಲಿ! ಅಂಥ ನೀಲಿಯನ್ನು ಊರು ಕಂಡಿರಲಿಲ್ಲ. ಜನ ಅಬ್ಬಾ ಅಂದರು. ನಾಗಭೂಷಣ ತನ್ನ ಪೆಟ್ಟಿಗೆ ನೀರೇ ಅಂದುಕೊಂಡು ಎದೆಯುಬ್ಬಿಸಿದ. "ನೋಡಿದಿರಾ! ಇದು ಅಪ್ಪಟ ಅಮೃತ! ಇಷ್ಟು ನೀಲಿ ಆದ ನೀರು ಕುಡಿದರೆ ನೂರು ವರ್ಷ ಆಯಸ್ಸು!"

"ಕುಡೀರಿ ಸಾ."

ಲೋಟ ತುಟಿಯ ಹತ್ತಿರ ಹೋಯಿತು. ಮೂಗಿಗೆ ವಾಸನೆ ಬಡಿಯಿತು. ಲೋಟ ಕೆಳಗಿಳಿಯಿತು.

"ಎ... ಎಲ್ಲಿಂದ ತಂದೆ ಇದನ್ನ?"

"ನಮ್ ಹಿತ್ತಲಿಂದ ಸಾ. ಸುಣ್ಣದ ಹರವಿ!"

ಮುಂದೆ ಕೂತಿದ್ದ ಚೌಡಜ್ಜಿ ಎದ್ದಳು. ಎಲೆಗೆ ಸುಣ್ಣ ಹಚ್ಚಿ ಹಚ್ಚಿಯೇ ಮುದುಕಿಯಾದವಳು. ಲೋಟಕ್ಕೆ ಬೆರಳದ್ದಿ ಮೂಸಿದಳು. "ಸುಣ್ಣದ ತಿಳಿಯೇ ಕಣ್ರಪ್ಪೋ! ಕುಡುದ್ರೆ ಬಾಯೆಲ್ಲ ಬೆಂದೋಯ್ತದೆ!"

"ಬೇಡಪ್ಪಾ, ನನಗೆ ಬೇಡ" ಅಂದ ನಾಗಭೂಷಣ.

"ಸಂಕೋಚ ಮಾಡ್ಕಬ್ಯಾಡಿ ಸಾ!"

"ಬೇಡ ಅಂದೆನಲ್ಲಾ!"

"ಎಷ್ಟು ಬ್ಯಾಡ ಅಂದ್ರೂ ಬಿಡಬಾರ್ದು ಅಂದವ್ಳೆ ಅವ್ವ! ನೀಲಿ ಅದೆ, ಕುಡೀರಿ!"

ನಾಗಭೂಷಣ ಎದ್ದು ಓಡಿದ. ಲೋಟ ಹಿಡಿದು ಜವರ ಹಿಂದೆ ಓಡಿದ. ಭವನಕ್ಕೆ ಒಂದು ಸುತ್ತು, ಎರಡು ಸುತ್ತು, ಮೂರು ಸುತ್ತು! "ಕುಡೀರಿ ಸಾ!" "ಬೇಡ್ವೋ!" "ಕುಡೀರಿ ಸಾ!" "ಬೇಡ್ವೋ!" ಜನ ಹೊಟ್ಟೆ ಹಿಡಿದು ನಕ್ಕರು.

ನಿಂಗಾಜಮ್ಮ ನಗಲಿಲ್ಲ. ಅವಳ ತಲೆಯಲ್ಲಿ ಒಂದೊಂದೇ ಸರಿಯಾಗಿ ಕೂತಿತು. ಕಡುನೀಲಿಯಾದ ಸುಣ್ಣದ ನೀರು ಅಮೃತ ಅಲ್ಲ. ಕೆಂಪಾದ ಹುಣಸೆ ಸಾರು ಉಂಡೇ ಅಜ್ಜಿ ಮುತ್ತಜ್ಜಿಯರು ಬಾಳಿದರು. ಕೆಂಪಾದ ಮಜ್ಜಿಗೆ ಕುಡಿದ ನಾಯಿ ಬಾಲ ಆಡಿಸಿಕೊಂಡು ಹೋಯಿತು. ಹನಿ ಹುಳಿ ಯಾವುದು, ಸುಣ್ಣದಂಥ ಚೌಳು ಯಾವುದು ಅಂತ ಹೇಳಿತೇ ಹೊರತು ಒಳ್ಳೇದು ಯಾವುದು, ಕೆಟ್ಟದ್ದು ಯಾವುದು ಅಂತ ಹೇಳಲೇ ಇಲ್ಲ!

ಎದ್ದು ನಿಂತಳು. ಮಂಡಿ ನೋಯುತ್ತಲೇ ಇತ್ತು, ಆದರೂ ಎದ್ದು ನಿಂತಳು.

"ನಿಂತ್ಕಳಯ್ಯಾ ಸಾಹೇಬ! ನೀಲಿ ಆದದ್ದನ್ನ ನೀನು ಕುಡೀಯಲ್ಲ. ಕೆಂಪಾದದ್ದನ್ನ ನಾನು ಕುಡೀತೀನಿ, ನೋಡು!" ಗಡಿಗೆಯಿಂದ ಲೋಟದ ತುಂಬ ಮಜ್ಜಿಗೆ ಬಗ್ಗಿಸಿದಳು. ಜವರನ ಹತ್ತಿರವಿದ್ದ ಬಾಟಲಿ ಇಸ್ಕೊಂಡು ಉಳಿದ ಹನಿಯನ್ನೆಲ್ಲ ಬಿಟ್ಟು ಕೆಂಪು ಮಾಡಿ ತೋರಿಸಿದಳು. ಆ ಲೋಟ ಚೆಲ್ಲಿದಳು, ಅದೇ ಗಡಿಗೆಯಿಂದ ಇನ್ನೊಂದು ಲೋಟ ಬಗ್ಗಿಸಿ ಗಟಗಟ ಕುಡಿದಳು. ಬಾಯಿ ಒರೆಸಿದಳು. "ಯಾರಿಗೆ ಬೇಕು?"

"ನಂಗೆ ಹಾಕವ್ವ!" ಅಂದಳು ಚೌಡಜ್ಜಿ. ಅವಳ ಹಿಂದೆ ಒಬ್ಬ, ಅವನ ಹಿಂದೆ ಇನ್ನೊಬ್ಬ. ಪೆಟ್ಟಿಗೆ ಮುಂದೆ ಇದ್ದ ಸಾಲು ಗಡಿಗೆ ಮುಂದೆ ಬಂತು. ಗಡಿಗೆ ತಳ ಕಾಣುವಷ್ಟರಲ್ಲಿ ನಾಗಭೂಷಣ ಪೆಟ್ಟಿಗೆ ಕಂಕುಳಲ್ಲಿಟ್ಟುಕೊಂಡು ಬಸ್ಸು ಹತ್ತಿದ್ದ. ಬೂಟಿನೊಳಗೆ ನೀರು ಪಚಪಚ ಅನ್ನುತ್ತಿತ್ತು.

ನಿಂಗಾಜಮ್ಮ ಕಂಬದಿಂದ ಹಗ್ಗ ಬಿಚ್ಚಿದಳು. ಒಂದು ಕೈಯಲ್ಲಿ ಮುದ್ದಿ, ಇನ್ನೊಂದು ಕೈಯಲ್ಲಿ ಮಗ. ಊರ ನಡುಬೀದಿಯಲ್ಲಿ ತಲೆ ಎತ್ತಿ ನಡೆದಳು. ಹೆತ್ತ ಹೊಟ್ಟೆ ಅವತ್ತು ತಂಪಾಗಿತ್ತು. "ನನ್ ಮಗ ಊರನ್ನೇ ಉಳಿಸ್ದ ಕಣ್ರೋ!" ಅಂತ ಎದುರು ಸಿಕ್ಕವರಿಗೆಲ್ಲ ಹೇಳಿದಳು.

ಮನೆಗೆ ಬಂದ ಮೇಲೆ ತಲೆ ಸವರಿ ಬುದ್ಧಿ ಹೇಳಿದಳು. ಪ್ರೀತಿಯಿಂದಲೇ ಹೇಳಿದಳು, ಪಾಪ.

"ನೋಡ್ ಮಗಾ, ಇನ್ಮೇಲೆ ಯಾರು ಯಾರಿಗೆ ಏನೇ ಕೊಟ್ರೂ, ಕೊಡೋರೇ ಮೊದ್ಲು ಕುಡುದು ತೋರ್ಸ್ಬೇಕು. ಅವರು ಕುಡುದ್ರೆ ಸರಿ, ಇಲ್ದಿದ್ರೆ ಮುಟ್ಟಬಾರ್ದು. ಗೊತ್ತಾಯ್ತಾ?"

"ಗೊತ್ತಾಯ್ತವ್ವ!"

ಬೆಳಗಾಯಿತು. ನಿಂಗಾಜಮ್ಮ ಒಲೆ ಹಚ್ಚುತ್ತಾ, "ಜವರಾ, ಮುದ್ದಿಗೆ ಕಲಗಚ್ಚು ಕೊಡಪ್ಪ, ಹಾಲು ಕರೀಬೇಕು" ಅಂದಳು. ಕಾದಳು. ಮುದ್ದಿ ಅಂಬಾ ಅಂತ ಅರಚಿತು. ಮತ್ತೆ ಕಾದಳು. ಮುದ್ದಿ ಇನ್ನೂ ಜೋರಾಗಿ ಅರಚಿತು. ಎದ್ದು ಕೊಟ್ಟಿಗೆಗೆ ಹೋದಳು.

ಮುದ್ದಿ ಪಕ್ಕಕ್ಕೆ ನಿಂತು ನೋಡುತ್ತಿತ್ತು. ಬಾನಿಯೊಳಗೆ ತಲೆ ಇಟ್ಟು ಜವರ ಸೊರ್ ಸೊರ್ ಅಂತ ಕಲಗಚ್ಚು ಕುಡಿಯುತ್ತಿದ್ದ. ಅಕ್ಕಿ ತೊಳೆದ ನೀರು, ತವುಡು, ಹಿಂಡಿ, ಬಾಳೆಹಣ್ಣಿನ ಸಿಪ್ಪೆ ಎಲ್ಲಾ. ಅರ್ಧ ಬಾನಿ ಆಗಲೇ ಖಾಲಿ.

ಅವ್ವನ ಹೆಜ್ಜೆ ಸದ್ದು ಕೇಳಿ ತಲೆ ಎತ್ತಿದ. ಮೀಸೆ ತುಂಬ ತವುಡು, ಕಿವಿ ಮೇಲೆ ಸಿಪ್ಪೆ.

"ಚೆನ್ನಾಗದೆ ಅವ್ವ!" ಅಂದ. "ಇನ್ನು ಮುದ್ದಿಗೆ ಕೊಡ್ಲಾ?"

ಬೈಯಲು ಬಾಯಿ ತೆರೆದಳು ನಿಂಗಾಜಮ್ಮ. ಬೈಗುಳ ಬರಲಿಲ್ಲ, ನಗು ಬಂತು. ನಕ್ಕು ನಕ್ಕು ಕೊಟ್ಟಿಗೆಯ ನೆಲದ ಮೇಲೇ ಕೂತುಬಿಟ್ಟಳು. ಮತ್ತೆ ಏಳೋಕಾಗದೆ ಕೈ ಚಾಚಿದಳು, "ಎತ್ಲಾ ಮಗಾ!" ಅಂದಳು.

ಜವರ ಎತ್ತಿದ. ಎತ್ತಿದವನು ಇಳಿಸಲೇ ಇಲ್ಲ. ಇಳಿಸು ಅಂತ ಅವ್ವ ಹೇಳಿರಲಿಲ್ಲವಲ್ಲ!