ಹಗ್ಗ ಬಿಡದ ಗಾರಿನ್

ಫ್ರಾನ್ಸಿನ ಬರ್ಗಂಡಿ ಸೀಮೆಯ ಓಬ್ರೂನ್ ಕಣಿವೆಯಲ್ಲಿ ಸಿಸ್ಟರ್ಸಿಯನ್ ಪಂಥದ ಕ್ರೈಸ್ತ ಸನ್ಯಾಸಿಗಳು ಮಠ ಕಟ್ಟುತ್ತಿದ್ದ ಕಾಲವದು. ಜೌಗು ಬತ್ತಿಸಿ, ತೊರೆಗೆ ಕಾಲುವೆ ತೋಡಿ, ಕಲ್ಲಿನ ಮೇಲೆ ಕಲ್ಲಿಟ್ಟು ದೇವಾಲಯವನ್ನು ಎಬ್ಬಿಸುತ್ತಿದ್ದರು. ಒಳಗೆ ಕೆತ್ತನೆಯಿಲ್ಲ, ಚಿತ್ರವಿಲ್ಲ, ಕಿಟಕಿಗೆ ಬಣ್ಣದ ಗಾಜೂ ಇಲ್ಲ. ಬೋಳು ಗೋಡೆಗಳ ನಡುವೆ ಕೀರ್ತನೆಯ ದನಿಯೊಂದೇ ದೇವರಿಗೆ ಅಲಂಕಾರವೆಂದು ಮಠಾಧಿಪತಿಗಳಾದ ಪೂಜ್ಯ ಆದೆಲಾರ್ದರು ನಂಬಿದ್ದರು. ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರಲ್ಲ, ಆ ಮಠದಲ್ಲಿ ಬೆಳ್ಳಿ ಹುಡುಕಿದರೂ ಸಿಗುತ್ತಿರಲಿಲ್ಲ. ಊಟಕ್ಕೆ ಉಪ್ಪು ಬೇಕಾದರೂ ಕೈಸನ್ನೆಯೇ.

ಆ ದಿನ ಪೂಜ್ಯರು ಮೊಣಕಾಲಿನವರೆಗೆ ಕೆಸರಿನಲ್ಲಿ ನಿಂತು ಕಾಲುವೆಯ ಹೂಳೆತ್ತುತ್ತಿದ್ದರು. ಉಗ್ರಾಣ ನೋಡಿಕೊಳ್ಳುವ ಸನ್ಯಾಸಿ ಬರ್ನೋ ಓಡಿಬಂದರು. ಗಾಬರಿಯಲ್ಲಿ ಅವರಿಗೆ ಮೌನವ್ರತವೂ ಮರೆತುಹೋಗಿತ್ತು.

"ಸ್ವಾಮಿ, ಆ ಕಲ್ಲುಕುಟಿಗ ಸುತ್ತಿಗೆ ಹಿಡಿದು ನಿಂತಿದ್ದಾನೆ. ಹಗ್ಗ ಮುಟ್ಟೋಕೇ ಬಿಡ್ತಿಲ್ಲ!"

ಕಲ್ಲುಕುಟಿಗ ಗಾರಿನ್‌ನ ಸಂಕಟ ಮಠಕ್ಕೆಲ್ಲ ಗೊತ್ತಿತ್ತು. ಕಮಾನಿನ ನೆತ್ತಿಯ ಕಲ್ಲನ್ನು ಕೂರಿಸುವಾಗ ಅವನು ಕೆಳಗೆ ಕಲ್ಲು ಕಟ್ಟಿದ ಹಗ್ಗ ಹಿಡಿದಿದ್ದ, ತಮ್ಮ ಮಿಲೋ ಮೇಲಿದ್ದ. ಕೆಳಗಿನವನು "ಕೂತಿತಾ?" ಎಂದು ಕೇಳಬೇಕು, ಮೇಲಿನವನು "ಕೂತಿತು, ಬಿಡು" ಎನ್ನಬೇಕು, ಅಲ್ಲಿಯವರೆಗೆ ಏನೇ ಆದರೂ ಹಗ್ಗ ಸಡಿಲಿಸುವಂತಿಲ್ಲ. ಅದು ಕಲ್ಲುಕುಟಿಗರ ಕಟ್ಟಳೆ. ಕಲ್ಲು ಇಳಿಯಿತು, ಗಾರಿನ್ ಬಾಯಿ ತೆರೆಯುವಷ್ಟರಲ್ಲಿ ಮಿಲೋ ಕಾಲು ಜಾರಿ ಕೆಳಗೆ ಬಿದ್ದಿದ್ದ. ಆಗಲೂ ಗಾರಿನ್ ಹಗ್ಗ ಬಿಡಲಿಲ್ಲ. ತಮ್ಮನ ಉಸಿರು ನಿಲ್ಲುವುದನ್ನು ಹಗ್ಗ ಹಿಡಿದೇ ನೋಡಿದ. ಆಮೇಲೆ ಅದನ್ನು ಕಂಬದ ಬುಡಕ್ಕೆ ಬಿಗಿದು ಕಾವಲು ಕೂತ.

ಹಗ್ಗ ಬಿಚ್ಚದೆ ಕಮಾನಿನ ಕೆಳಗಿನ ಮರದ ಚೌಕಟ್ಟು ಕಳಚುವಂತಿಲ್ಲ. ಹಿಮ ಬೀಳುವ ಮೊದಲು ಚಾವಣಿ ಮುಗಿಯದಿದ್ದರೆ ನೆನೆದ ಗೋಡೆಗಳು ಬಿರಿಯುತ್ತವೆ. ಆದರೂ ಮೇಲೆ ಹತ್ತಿ ನೋಡಲು ಯಾವ ಕೆಲಸಗಾರನೂ ಒಪ್ಪಲಿಲ್ಲ. ಸಂಜೆ ಸನ್ಯಾಸಿಗಳು ಕೀರ್ತನೆ ಎತ್ತಿದೊಡನೆ ಆ ಹಗ್ಗ ತಾನಾಗಿ ಬಿಗಿಯುತ್ತಿತ್ತು, ಮೇಲಿನಿಂದ ಯಾರೋ ಹಿಡಿದು ಕಾಯುತ್ತಿರುವ ಹಾಗೆ. ಹಾಡು ನಿಂತರೂ ಅದರ ನಡುಕ ನಿಲ್ಲುತ್ತಿರಲಿಲ್ಲ. ಮುಟ್ಟಿದರೆ ಮೈ ಮುಟ್ಟಿದಷ್ಟು ಬೆಚ್ಚಗಿರುತ್ತಿತ್ತು.

ಪೂಜ್ಯರು ಕೆಸರುಗಾಲಿನಲ್ಲೇ ಬಂದರು. ಸಂಜೆಯ ಕೀರ್ತನೆ ಆಗಷ್ಟೇ ಶುರುವಾಗಿತ್ತು, ಹಗ್ಗ ಗುಂಯ್‌ಗುಡುತ್ತಿತ್ತು.

"ಬನ್ನಿ ಸ್ವಾಮಿ, ನೀವೂ ಬನ್ನಿ," ಎಂದ ಗಾರಿನ್. "ದೇವರ ಮನೆ ಕಟ್ಟೋಕೆ ಬಂದು ತಮ್ಮನ್ನ ಕಳ್ಕೊಂಡೆ. ನಿಮ್ಮ ದೇವರು ಅನ್ನೋನು ಇದ್ದಿದ್ರೆ, ನನ್ನ ತಮ್ಮನ ಬಾಯಿಂದ ಒಂದು ಮಾತು ಬರೋವರ್ಗಾದ್ರೂ ಕಾಯ್ತಿರ್ಲಿಲ್ವಾ? ಮಿಲೋ ಹೇಳೋವರ್ಗೂ ನಾನು ಬಿಡೋದಿಲ್ಲ. ಕತ್ತರಿಸೋಕೆ ಬಂದೋರ ಕೈ ಮುರೀತೀನಿ."

ಪೂಜ್ಯರು ಬೇಸರಿಸಲಿಲ್ಲ. ಕೈಯೆತ್ತಿ ಕೀರ್ತನೆಯನ್ನು ನಿಲ್ಲಿಸಿದರು. ನಡುಗುವ ಹಗ್ಗದ ಮೇಲೆ ಅಂಗೈಯಿಟ್ಟರು. ಬಹಳ ದಿನಗಳಿಂದ ಮಾತಾಡದ ಅವರ ದನಿ ತುಕ್ಕು ಹಿಡಿದಂತಿತ್ತು.

"ಗಾರಿನ್, ನೀನಿನ್ನೂ ಅವನನ್ನು ಕೇಳಿಯೇ ಇಲ್ಲವಲ್ಲ."

ನಿಜ, ಗಾರಿನ್ ಕೇಳಿರಲಿಲ್ಲ. ಕೇಳಿ ಉತ್ತರ ಬಾರದಿದ್ದರೆ ತಮ್ಮ ಸತ್ತದ್ದು ಖರೆಯಾಗುತ್ತದೆಂಬ ಭಯ ಅವನ ಬಾಯಿ ಕಟ್ಟಿತ್ತು. ಸುತ್ತಿಗೆ ಕೆಳಗಿಟ್ಟ. ಕಂಬದಿಂದ ಹಗ್ಗ ಬಿಚ್ಚಿ, ಅಂದಿನಂತೆಯೇ ಎರಡೂ ಕೈಯಲ್ಲಿ ಹಿಡಿದು, ಮೇಲೆ ನೋಡಿ ಕೂಗಿದ.

"ಮಿಲೋ! ಕೂತಿತಾ?"

ಬೋಳು ಗೋಡೆಗಳು ಆ ದನಿಯನ್ನು ಕೈಯಿಂದ ಕೈಗೆ ದಾಟಿಸಿದವು. ಕೂತಿತಾ, ಕೂತಿತಾ ಎನ್ನುತ್ತ ಅದು ಕಮಾನಿನ ಕತ್ತಲೆಗೇರಿ ಅಡಗಿತು. ಪ್ರತಿಧ್ವನಿ ಪೂರ್ತಿ ನಿಂತ ಮೇಲೆ, ನೆತ್ತಿಯಿಂದ ಎಳೆಯ ದನಿಯೊಂದು, ಕೆಲಸ ಮಾಡಿ ದಣಿದವನ ಏದುಸಿರಿನಲ್ಲಿ, ಕೇಳಿಬಂತು.

"ಕೂತಿತು, ಅಣ್ಣ. ಬಿಡು."

ಕೈಯಲ್ಲಿದ್ದ ಹಗ್ಗ ಸಡಿಲವಾಯಿತು. ಗಾರಿನ್ ಬಿಟ್ಟ.

ಅದು ಬರೀ ಪ್ರತಿಧ್ವನಿ ಎಂದವರಿಗೆ ಬರ್ನೋ ಕೊನೆಗಾಲದವರೆಗೂ ಹೇಳುತ್ತಿದ್ದರು, ಪ್ರತಿಧ್ವನಿ ಕೇಳಿದ್ದನ್ನೇ ಕೇಳುತ್ತದೆ, ಉತ್ತರ ಕೊಡುವುದಿಲ್ಲ ಎಂದು. ಚೌಕಟ್ಟು ಕಳಚಿದಾಗ ಕಮಾನು ಕೂದಲೆಳೆಯಷ್ಟೂ ಕದಲಲಿಲ್ಲ. ಗಾರಿನ್ ಅದೇ ಮಠದಲ್ಲಿ ದೀಕ್ಷೆ ಪಡೆದು ಉಳಿದ.

ಆ ಸಂಜೆ ಮಾತ್ರ ಪೂಜ್ಯರು ಇನ್ನೇನೂ ಹೇಳದೆ, ಹಾಡುವವರಿಗೆ ಸನ್ನೆ ಮಾಡಿ, ಕಾಲುವೆಯತ್ತ ಹೊರಟರು. ಕೀರ್ತನೆ ಮತ್ತೆ ಶುರುವಾಯಿತು. ಗಾರಿನ್ ಬಿದ್ದ ಹಗ್ಗದ ಪಕ್ಕ ಕುಸಿದು ಕೂತು, ಖಾಲಿ ಅಂಗೈಗಳನ್ನು ಮುಖಕ್ಕೆ ಒತ್ತಿಕೊಂಡು, ತಮ್ಮ ಹೋದ ಮೇಲೆ ಮೊದಲ ಸಲ ಗಟ್ಟಿಯಾಗಿ ಅತ್ತ.