ಹೂಕುಂಡದ ತಳಕ್ಕೆ ತೂತು ಬಂದದ್ದು

ಲೋಕ ಇನ್ನೂ ಹಸಿಯಾಗಿದ್ದ ಕಾಲ ಅದು. ಬೆಟ್ಟಗಳ ಮೈ ಪೂರ್ತಿ ಒಣಗಿರಲಿಲ್ಲ. ನದಿಗಳು ತಾವು ಹೋಗಬೇಕಾದ ದಾರಿಯನ್ನು ಕಂಡಕಂಡವರಲ್ಲಿ ಕೇಳಿಕೊಂಡು ಹರಿಯುತ್ತಿದ್ದವು. ಗಾಳಿಗೆ ಮಾತು ಬರುತ್ತಿತ್ತು, ಹುಳುವಿಗೂ ಬರುತ್ತಿತ್ತು. ಗಿಡಗಳಿಗೆ ಮಾತ್ರ ಮೊದಲ ಹೂವು ಬಿಟ್ಟ ಮೇಲೆ ಮಾತು ಬರುತ್ತಿತ್ತು.

ಆಗ ಗಿಡಗಳೆಲ್ಲ ನೆಲದಲ್ಲೇ ಬೆಳೆಯುತ್ತಿದ್ದವು. ಮಡಕೆಯಲ್ಲಿ ಗಿಡ ನೆಡಬಹುದೆಂದು ಯಾರಿಗೂ ಹೊಳೆದಿರಲಿಲ್ಲ.

ನದಿಯ ದಂಡೆಯಲ್ಲಿ ಗುಡ್ಡಯ್ಯನೆಂಬ ಕುಂಬಾರನಿದ್ದ. ಅವನ ಹೆಂಡತಿ ಸಿರಿಯವ್ವ ಮಣ್ಣು ತುಳಿದು ಹದ ಮಾಡಿ ಕೊಡುತ್ತಿದ್ದಳು. ಅವನು ತಿಗರಿ ತಿರುಗಿಸಿ ಮಡಕೆ ಎತ್ತುತ್ತಿದ್ದ. ಸುಟ್ಟ ಮಡಕೆಗೆ ನೀರು ತುಂಬಿ ಒಣ ಬೂದಿಯ ಮೇಲೆ ಇಡುತ್ತಿದ್ದ. ಮಾರನೆಯ ದಿನ ಎತ್ತಿ ನೋಡಿದಾಗ ಬೂದಿ ಒಂದು ಚೂರು ತೇವವಾಗಿದ್ದರೂ ಆ ಮಡಕೆಯನ್ನು ಒಡೆದು ಹಾಕುತ್ತಿದ್ದ.

"ಗುಡ್ಡಯ್ಯನ ಮಡಕೆ ಅತ್ತರೂ ಕಣ್ಣೀರು ಹೊರಗೆ ಬರೋದಿಲ್ಲ" ಎಂದು ಊರವರು ತಮಾಷೆ ಮಾಡುತ್ತಿದ್ದರು. ಆ ತಮಾಷೆ ಅವನಿಗೆ ಇಷ್ಟವಾಗಿತ್ತು.

ಬೇಕೆಂದೇ ಅವನು ತೂತು ಹೊಡೆಯುತ್ತಿದ್ದುದು ಸಾವಿನ ಮಡಕೆಗೆ ಮಾತ್ರ. ಊರಲ್ಲಿ ಯಾರು ಸತ್ತರೂ ಮಣ್ಣು ಮಾಡುವ ಹೊತ್ತಿಗೆ ಮನೆಯವರೊಬ್ಬರು ನೀರಿನ ಮಡಕೆ ಹೊತ್ತು ಗುಣಿಯ ಸುತ್ತ ನಡೆಯಬೇಕು. ಕುಂಬಾರ ಹಿಂದಿನಿಂದ ಕಲ್ಲು ಕುಟ್ಟಿ ಅದಕ್ಕೆ ತೂತು ಮಾಡಬೇಕು. ನೀರೆಲ್ಲ ಸುರಿದು ಮಡಕೆ ಖಾಲಿಯಾಗಬೇಕು. ಅದಕ್ಕೇ ಬದುಕಿರುವವರ ಮನೆಯಲ್ಲಿ ತೂತಿನ ಮಡಕೆ ಇಡಬಾರದು ಎನ್ನುವುದು ಎಳೆಯ ಮಕ್ಕಳಿಗೂ ಗೊತ್ತಿತ್ತು.

ಒಂದು ಬೇಸಿಗೆಯಲ್ಲಿ ಗುಡ್ಡಯ್ಯನ ನೀಲಿ ಎಂಬ ಮಗಳು ಜ್ವರ ಬಂದು ತೀರಿಕೊಂಡಳು. ಆ ದಿನ ಮಡಕೆಯನ್ನು ಸಿರಿಯವ್ವ ಹೊತ್ತಳು. ಹಿಂದೆ ನಿಂತು ಕಲ್ಲು ಕುಟ್ಟಬೇಕಾದವನು ಗುಡ್ಡಯ್ಯನೇ. ಕುಟ್ಟಿದ.

ಮನೆಗೆ ಬಂದ ಮೇಲೆ ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ.

ಮೊದಲ ಮೋಡ ಕಾಣಿಸಿದ ದಿನ ನದಿ ಅವನನ್ನು ಕೂಗಿ ಕರೆಯಿತು.

"ಗುಡ್ಡಯ್ಯಾ, ಇಲ್ಲಿ ಬಾ. ನಿನ್ನ ಮಗಳು ನನ್ನ ದಂಡೆಯಲ್ಲಿ ಒಂದು ಸಂಪಿಗೆ ಬೀಜ ಊರಿದ್ದಳು. ಬೀಜಕ್ಕಷ್ಟೇ ಕೇಳೋ ಹಾಗೆ ಏನೋ ಪಿಸುಗುಟ್ಟಿದಳು. ಈಗ ಮೊಳೆತಿದೆ ನೋಡು."

ಗುಡ್ಡಯ್ಯ ಬಗ್ಗಿ ನೋಡಿದ. ಬೆರಳಿನಷ್ಟು ಎತ್ತರದ ಗಿಡ. ಎಲೆ ಇನ್ನೂ ಪೂರ್ತಿ ಬಿಚ್ಚಿಕೊಂಡಿರಲಿಲ್ಲ.

"ಎತ್ತಿಕೊಂಡು ಹೋಗು" ಎಂದಿತು ನದಿ. "ಮೇಲೆ ಬೆಟ್ಟದಲ್ಲಿ ಮಳೆ ಹಿಡಿದಿದೆ. ನಾನು ಉಕ್ಕಿದರೆ ನನ್ನ ಮಾತು ನಾನೇ ಕೇಳೋದಿಲ್ಲ. ಆಮೇಲೆ ನನ್ನ ಬೈಯಬೇಡ."

ಅಂಗಳದ ನೆಲದಲ್ಲಿ ನೆಡೋಣವೆಂದರೆ ಆಡು, ಕೋಳಿಗಳ ಕಾಟ. ಗುಡ್ಡಯ್ಯ ತನ್ನ ಮಡಕೆಗಳಲ್ಲೆಲ್ಲ ಗಟ್ಟಿಯಾದ ಒಂದನ್ನು ಆರಿಸಿದ. ನೀರು ತುಂಬಿ ಬೂದಿಯ ಮೇಲಿಟ್ಟು ಪರೀಕ್ಷೆ ಮಾಡಿದ. ಬೂದಿ ಒಣಗಿಯೇ ಇತ್ತು. ಗಿಡವನ್ನು ಮಣ್ಣಿನ ಹೆಂಟೆಯ ಸಮೇತ ಎತ್ತಿ ತಂದು ಅದರಲ್ಲಿ ನೆಟ್ಟ. ಲೋಕದಲ್ಲಿ ಮಡಕೆಗೆ ಬಂದ ಮೊದಲ ಗಿಡ ಅದೇ.

ಸಿರಿಯವ್ವ ಅದರ ಪಕ್ಕದಲ್ಲೇ ಕೂತು ಉಣ್ಣತೊಡಗಿದಳು. "ಹೂ ಬಿಡಲಿ. ಮಾತು ಬರುತ್ತಲ್ಲ, ಆಗ ನೀಲಿ ಬೀಜ ಊರುವಾಗ ಏನಂದಳು ಅಂತ ಕೇಳ್ತೀನಿ" ಎಂದಳು. ಮಗಳು ಹೋದ ಮೇಲೆ ಅವಳು ಗಂಡನ ಮುಖ ನೋಡಿ ಆಡಿದ ಮೊದಲ ಮಾತು ಅದು.

ಗುಡ್ಡಯ್ಯ ಬೆಳಗ್ಗೆ ಒಂದು ಚೊಂಬು ನೀರು ಹಾಕಿದ. ಸಂಜೆ ಒಂದು ಚೊಂಬು ಹಾಕಿದ. ಗಿಡ ಮೂರು ಎಲೆ ಬಿಟ್ಟಿತು. ಆಮೇಲೆ ನಿಂತುಬಿಟ್ಟಿತು. ಕೆಳಗಿನ ಎಲೆ ಹಳದಿಯಾಯಿತು. ಮೇಲಿನ ಎಲೆ ಬಿಸಿಲಲ್ಲಿ ಬಾಡಿದ ಹಾಗೆ ಜೋತುಬಿತ್ತು.

"ಬಾಯಾರಿದೆ ಪಾಪ" ಎಂದು ಗುಡ್ಡಯ್ಯ ಮಧ್ಯಾಹ್ನವೂ ನೀರು ಹಾಕಿದ. ಎಲೆ ಇನ್ನಷ್ಟು ಜೋತುಬಿತ್ತು. ಅವನು ಇನ್ನಷ್ಟು ಹಾಕಿದ.

ಗಾಳಿ ಅಂಗಳಕ್ಕೆ ಬಂದು ಮಡಕೆಯೊಳಗೆ ಇಣುಕಿತು. "ಏನಯ್ಯಾ ಗುಡ್ಡಯ್ಯ, ಗಿಡ ನೆಟ್ಟಿದ್ದೀಯೋ, ಮೀನು ಸಾಕಿದ್ದೀಯೋ?"

"ನಿನ್ನ ಕೆಲಸ ನೋಡ್ಕೊ, ಹೋಗು."

"ಹೋಗ್ತೀನಪ್ಪ. ಒಳಗೆ ನುಗ್ಗೋಣ ಅಂದ್ರೆ ನಿನ್ನ ಮಣ್ಣಲ್ಲಿ ನನಗೆ ಕಾಲಿಡೋಕೂ ಜಾಗ ಇಲ್ಲ" ಎಂದು ಗಾಳಿ ಹೊರಟುಹೋಯಿತು.

ಅಷ್ಟರಲ್ಲಿ ಹೆಂಟೆಯ ಜೊತೆ ಬಂದಿದ್ದ ಎರೆಹುಳ ಏದುಸಿರು ಬಿಡುತ್ತ ಮಡಕೆಯ ಅಂಚಿಗೆ ಹತ್ತಿ ಬಂತು.

"ಅಣ್ಣಾ, ಕೆಳಗೆಲ್ಲ ನೀರು ನಿಂತಿದೆ. ಗಿಡಕ್ಕೆ ಬಾಯಾರಿಲ್ಲ, ಉಸಿರು ಕಟ್ಟಿದೆ. ಬೇರಿಗೂ ಗಾಳಿ ಬೇಕು. ತಳಕ್ಕೊಂದು ತೂತು ಹೊಡಿ, ನೀರು ಇಳಿದುಹೋಗಲಿ."

ಗುಡ್ಡಯ್ಯನ ಮೈ ಉರಿಯಿತು. "ಬಾಯಿ ತೊಳ್ಕೊ! ಬದುಕಿರೋ ಗಿಡಕ್ಕೆ ಸಾವಿನ ಮಡಕೆ ಮಾಡು ಅಂತೀಯ?"

"ನನ್ನ ಬಾಯಿ ಯಾವ ತುದೀಲಿದೆ ಅನ್ನೋದೇ ಎಷ್ಟೋ ಜನಕ್ಕೆ ಗೊತ್ತಾಗೋದಿಲ್ಲ. ತೊಳೆಯೋದೇನು ಬಂತು" ಎಂದಿತು ಎರೆಹುಳ. "ಬೇರಿನ ಪಕ್ಕದಲ್ಲಿ ಮಲಗಿದ್ದವನು ನಾನು. ಕಂಡದ್ದು ಹೇಳಿದೆ. ನಾನು ನೆಲಕ್ಕಿಳೀತೀನಿ. ಗಿಡಕ್ಕೆ ಇಳಿಯೋಕೆ ಆಗೋದಿಲ್ಲ, ಅಷ್ಟು ನೆನಪಿರಲಿ."

ಸಿರಿಯವ್ವ ಎಲ್ಲ ಕೇಳಿಸಿಕೊಂಡಳು. ಮಣ್ಣಿನ ಕಾಲಲ್ಲೇ ಎದ್ದು ಬಂದಳು.

"ಹೊಡಿ" ಎಂದಳು.

"ಆಗೋದಿಲ್ಲ."

"ನಿನ್ನ ಕೈಲಾಗದಿದ್ದರೆ ಕಲ್ಲು ನನಗೆ ಕೊಡು. ನಾನು ಹೊಡೀತೀನಿ."

"ಒಂದು ಸಲ ಹೊಡೆದಿದ್ದೀನಿ, ಸಿರಿ. ಆ ಸದ್ದು ಇನ್ನೂ ಕಿವೀಲಿದೆ. ಈ ಮನೇಲಿ ಇನ್ನೊಂದು ತೂತಿನ ಮಡಕೆ ಬೇಡ. ಇದೊಂದಾದರೂ ಉಳೀಲಿ."

"ಉಳಿಸೋಕೇ ಅಲ್ಲವಾ ಹೇಳ್ತಿರೋದು?"

ಅವಳು ಮಡಕೆಗೆ ಕೈ ಹಾಕಿದಳು. ಅವನು ಕಿತ್ತುಕೊಂಡು ಎದೆಗೆ ಅವುಚಿಕೊಂಡ. ತನ್ನ ಮಡಕೆ ಸೋರುವುದಿಲ್ಲ, ತಾನು ಬಿಟ್ಟುಕೊಡುವುದಿಲ್ಲ ಎಂದು ಹಟ ಹಿಡಿದು ಆ ದಿನವೆಲ್ಲ ಹಾಗೆಯೇ ಕೂತ.

ಆ ರಾತ್ರಿ ಹಿಡಿದ ಮಳೆ ಕೆಲವು ದಿನ ಸುರಿಯಿತು. ಅದು ನಿಂತ ಬೆಳಗ್ಗೆ ಗಿಡ ಬಾಗಿ ಮಣ್ಣಿನ ಮೇಲೆ ಒರಗಿತ್ತು. ಗುಡ್ಡಯ್ಯ ಅದನ್ನು ಎತ್ತಿ ನಿಲ್ಲಿಸಿದ. ಅದು ನಿಲ್ಲಲಿಲ್ಲ.

ಸಿರಿಯವ್ವ ಒಳಗಿನಿಂದ ಕಲ್ಲು ತಂದು ಅವನ ಮುಂದೆ ಇಟ್ಟಳು.

"ಈಗ ಹೊಡಿ. ಈಗ ಯಾವ ಶಾಸ್ತ್ರವೂ ಅಡ್ಡ ಬರೋದಿಲ್ಲವಲ್ಲ."

ಗುಡ್ಡಯ್ಯ ಮಡಕೆಯನ್ನು ನದಿಯ ದಂಡೆಗೆ ಒಯ್ದು ತಳಕ್ಕೆ ಕಲ್ಲು ಕುಟ್ಟಿದ. ನಾರುವ ಕಪ್ಪು ನೀರು ಸುರಿಯಿತು. ಬಹಳ ಹೊತ್ತು ಸುರಿಯಿತು. ಇಷ್ಟು ನೀರನ್ನು ತಾನೇ ಚೊಂಬು ಚೊಂಬಾಗಿ ಹಾಕಿದ್ದು ಎಂದು ಅವನು ನೋಡುತ್ತ ನಿಂತ. ಆಮೇಲೆ ಮಡಕೆ ಒಡೆದು ಮಣ್ಣನ್ನು ಬಿಡಿಸಿದ. ಬೇರು ತಳದಲ್ಲಿ ಸುತ್ತಿ ಸುತ್ತಿ ಬಂದಿತ್ತು. ಕತ್ತಲೆಯ ಕೋಣೆಯಲ್ಲಿ ಬಾಗಿಲು ಹುಡುಕುವವರ ಹಾಗೆ ಅದು ಸುತ್ತಲೂ ತಡಕಾಡಿತ್ತು. ಈಗ ಮುಟ್ಟಿದಲ್ಲೆಲ್ಲ ಕೊಳೆತು ಕೈಗೆ ಅಂಟಿತು.

ಒಂದೇ ಒಂದು ಏಟು. ಗಿಡ ಸತ್ತ ಮೇಲೆ ಹಾಕಿದ ಏಟನ್ನೇ ಸಾಯುವ ಮೊದಲು ಹಾಕಿದ್ದರೆ ಸಾಕಿತ್ತು ಎಂದು ಅವನು ಗಟ್ಟಿಯಾಗಿ ಬೈದುಕೊಂಡ.

"ಬೈಯಬೇಡ ಅಂದಿದ್ದೆ" ಎಂದಿತು ನದಿ, ಮೆಲ್ಲಗೆ.

"ನಿನ್ನನ್ನಲ್ಲ" ಎಂದ ಗುಡ್ಡಯ್ಯ.

ಅಂದಿನಿಂದ ಅವನು ಗಿಡಕ್ಕೆಂದೇ ಬೇರೆ ಮಡಕೆ ಮಾಡತೊಡಗಿದ. ಮಣ್ಣು ಹಸಿಯಾಗಿರುವಾಗಲೇ ತಳಕ್ಕೆ ಬೆರಳು ಚುಚ್ಚಿ ತೂತು ಮಾಡಿ, ಆಮೇಲೆ ಆವಿಗೆಯಲ್ಲಿಟ್ಟು ಸುಡುತ್ತಿದ್ದ. ಊರವರು ಅಪಶಕುನ ಎಂದರು. ಮಗಳ ದುಃಖದಲ್ಲಿ ಕುಂಬಾರನಿಗೆ ತಲೆ ಕೆಟ್ಟಿದೆ ಎಂದರು. ಅವನು ತಿಗರಿ ತಿರುಗಿಸುತ್ತಲೇ ಇದ್ದ. ನಿಧಾನವಾಗಿ ಒಬ್ಬೊಬ್ಬರೇ ಒಯ್ದರು. ಅವರ ಮನೆಗಳಲ್ಲಿ ಮಲ್ಲಿಗೆ ಅರಳಿತು, ದಾಸವಾಳ ಅರಳಿತು, ಅರಳಿದ ಗಿಡಗಳು ಮಾತಾಡಿದವು. ಗುಡ್ಡಯ್ಯನ ಅಂಗಳದಲ್ಲಿ ಮಾತ್ರ ಯಾವ ಗಿಡವೂ ಇರಲಿಲ್ಲ. ಸಿರಿಯವ್ವ ಮಣ್ಣು ತುಳಿದು ಕೊಡುತ್ತಿದ್ದಳು, ಮಾತಾಡುತ್ತಿರಲಿಲ್ಲ. ಅವಳು ಕೇಳಬೇಕೆಂದಿದ್ದ ಮಾತನ್ನು ಹೇಳುವವರು ಲೋಕದಲ್ಲಿ ಇನ್ನು ಯಾರೂ ಉಳಿದಿರಲಿಲ್ಲ.

ಅದಕ್ಕೇ ಮಗು, ಇವತ್ತಿಗೂ ಜೋರು ಮಳೆ ಬಂದು ಮಣ್ಣೆಲ್ಲ ನೀರಾದಾಗ ಎರೆಹುಳ ಉಸಿರಿಗಾಗಿ ಮೇಲೆ ಬರುತ್ತದೆ. ಅದಕ್ಕೇ ಇವತ್ತಿಗೂ ನೀನು ಕುಂಡಕ್ಕೆ ನೀರು ಹಾಕಿದರೆ ಅದು ತಳದ ತೂತಿನಿಂದ ತೊಟ್ಟಿಕ್ಕುತ್ತದೆ, ಕೆಲವು ದಿನ ಬಿಟ್ಟು ನೋಡಿದರೆ ಒಂದು ಬಿಳಿ ಬೇರು ಆ ತೂತಿನಿಂದ ಹೊರಗೆ ಇಣುಕಿ ನೆಲ ಎಲ್ಲಿದೆಯೆಂದು ಹುಡುಕುತ್ತಿರುತ್ತದೆ.